ಓದಿದ್ದು ಉಳಿಯಬೇಕಾದರೆ: ಮೆದುಳು ನೆನಪು ಕಟ್ಟುವ ಕ್ರಮಕ್ಕೆ ಹೊಂದುವ ಓದಿನ ಮಾರ್ಗದರ್ಶಿ

ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ಎಸ್‌ಎಸ್‌ಎಲ್‌ಸಿ ಮಕ್ಕಳಿಂದ ಹಿಡಿದು ಕೆಎಎಸ್ ಪರೀಕ್ಷೆಗೆ ತಯಾರಾಗುತ್ತಿರುವವರವರೆಗೆ ಎಲ್ಲರ ಬಾಯಲ್ಲೂ ಕೇಳಿಬರುವ ಮಾತು. ಹೀಗೆ ಹೇಳುವವರಲ್ಲಿ ಬಹುತೇಕರ ಮೆದುಳಿನಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಅವರು ಓದುವ ಕ್ರಮವೂ ಮೆದುಳು ನೆನಪನ್ನು ಕಟ್ಟುವ ಕ್ರಮವೂ ಒಂದಕ್ಕೊಂದು ಹೊಂದುತ್ತಿರುವುದಿಲ್ಲ, ಅಷ್ಟೆ. ಮೆದುಳಿನಲ್ಲಿ ನೆನಪು ಹೇಗೆ ಮೂಡುತ್ತದೆ, ಎಲ್ಲಿ ಉಳಿಯುತ್ತದೆ, ಏಕೆ ಮಾಸುತ್ತದೆ ಎಂಬುದರ ಬಗ್ಗೆ ಕಳೆದ ನೂರೈವತ್ತು ವರ್ಷಗಳಲ್ಲಿ ಸಾಕಷ್ಟು ಗಟ್ಟಿಯಾದ ತಿಳಿವಳಿಕೆ ಸಿಕ್ಕಿದೆ. ಅದನ್ನು ಆಧರಿಸಿ, ಒಂದು ಪಾಠವನ್ನು ಕೈಗೆತ್ತಿಕೊಂಡ ಕ್ಷಣದಿಂದ ಅದನ್ನು ಪರೀಕ್ಷೆಯ ಕೊಠಡಿಯಲ್ಲಿ ಬರೆಯುವವರೆಗೆ ಏನೇನು ಮಾಡಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಉದಾಹರಣೆಗೆ ಎಲ್ಲರಿಗೂ ಪರಿಚಿತವಾದ ಒಂದೇ ವಿಷಯವನ್ನು, ಅಂದರೆ ಹೃದಯದ ಮೂಲಕ ರಕ್ತ ಹರಿಯುವ ದಾರಿಯನ್ನು, ಕೊನೆಯವರೆಗೂ ಬಳಸಿಕೊಳ್ಳುತ್ತೇನೆ. ನೀವು ಕಲಿಯಬೇಕಾದದ್ದು ಇತಿಹಾಸವಿರಲಿ, ಕಾನೂನಿರಲಿ, ಹೊಸ ಭಾಷೆಯಿರಲಿ, ಕ್ರಮ ಬದಲಾಗುವುದಿಲ್ಲ.

ಆರಂಭಿಸುವ ಮೊದಲು ತಿಳಿದಿರಬೇಕಾದದ್ದು

ಹೆಜ್ಜೆಗಳ ಹಿಂದಿನ ಕಾರಣ ಗೊತ್ತಿದ್ದರೆ ಅವುಗಳನ್ನು ಪಾಲಿಸುವುದು ಸುಲಭ. ಹಾಗಾಗಿ ಒಬ್ಬ ರೋಗಿಯ ವಿಷಯದಿಂದ ಆರಂಭಿಸುವುದು ಒಳ್ಳೆಯದು. ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ಔಷಧಿಗೆ ಬಗ್ಗದ ಮೂರ್ಛೆರೋಗವಿತ್ತು. ಅದನ್ನು ತಡೆಯಲು 1953ರಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರಚಿಕಿತ್ಸಕರು ಅವನ ಮೆದುಳಿನ ಎರಡೂ ಪಕ್ಕಗಳಿಂದ, ಕಿವಿಯ ನೇರಕ್ಕೆ ಒಳಭಾಗದಲ್ಲಿರುವ ಹಿಪೊಕ್ಯಾಂಪಸ್ ಎಂಬ ಅಂಗದ ಬಹುಭಾಗವನ್ನೂ ಅದರ ಸುತ್ತಲಿನ ಕೆಲವು ಭಾಗಗಳನ್ನೂ ತೆಗೆದುಹಾಕಿದರು. ಮೂರ್ಛೆ ಗಣನೀಯವಾಗಿ ಕಡಿಮೆಯಾಯಿತು. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೂ ಆತನ ಮನಸ್ಸಿನಲ್ಲಿ ಹೊಸ ಸಂಗತಿಗಳು ನಿಲ್ಲಲೇ ಇಲ್ಲ. ಆಗಷ್ಟೇ ಮಾತನಾಡಿಸಿ ಹೋದ ವೈದ್ಯರು ಸ್ವಲ್ಪ ಹೊತ್ತಿನಲ್ಲಿ ಮರಳಿ ಬಂದರೆ ಅವರು ಹೊಸಬರು. ಹಾಗಿದ್ದರೂ ಬಾಲ್ಯದ ನೆನಪುಗಳು ಉಳಿದಿದ್ದವು, ಭಾಷೆ ಕೆಟ್ಟಿರಲಿಲ್ಲ, ಬುದ್ಧಿಶಕ್ತಿ ಕುಂದಿರಲಿಲ್ಲ.

ಕೆನಡಾದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರು ಆತನಿಗೆ ಒಂದು ವಿಚಿತ್ರವಾದ ಕೆಲಸ ಕೊಟ್ಟರು. ಕಾಗದದ ಮೇಲೆ ಎರಡು ಗೆರೆಗಳಲ್ಲಿ ಮುದ್ರಿಸಿದ ನಕ್ಷತ್ರವೊಂದಿತ್ತು. ಆ ಎರಡು ಗೆರೆಗಳ ನಡುವಿನ ಇಕ್ಕಟ್ಟಿನಲ್ಲಿ ಪೆನ್ಸಿಲ್ ಹೊರಗೆ ಹೋಗದಂತೆ ಸುತ್ತು ಬರಬೇಕು, ಆದರೆ ಕೈಯನ್ನು ನೇರವಾಗಿ ನೋಡುವಂತಿಲ್ಲ, ಎದುರಿನ ಕನ್ನಡಿಯಲ್ಲಿ ಮಾತ್ರ ನೋಡಬೇಕು. ಯಾರೇ ಆದರೂ ಮೊದಲು ತಡವರಿಸುವ ಕೆಲಸವಿದು, ಏಕೆಂದರೆ ಕನ್ನಡಿಯಲ್ಲಿ ಕಂಡ ದಿಕ್ಕಿಗೆ ಕೈ ನೂಕಿದರೆ ಗೆರೆ ತದ್ವಿರುದ್ಧವಾಗಿ ಹೋಗುತ್ತದೆ. ಮೊಲೈಸನ್ ಮೂರು ದಿನಗಳ ಕಾಲ ಇದನ್ನು ಮಾಡಿದ. ಪ್ರತಿದಿನವೂ ಇಂಥ ಕೆಲಸವನ್ನು ತಾನು ಹಿಂದೆಂದೂ ಮಾಡಿಲ್ಲವೆಂದೇ ಅವನಿಗೆ ಅನ್ನಿಸುತ್ತಿತ್ತು. ಆದರೆ ಅವನ ತಪ್ಪುಗಳು ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗಿ, ಮೂರನೆಯ ದಿನ ಗೆರೆ ಹೆಚ್ಚುಕಡಿಮೆ ಸರಿಯಾಗಿಯೇ ಮೂಡತೊಡಗಿತ್ತು. ಮನಸ್ಸು ಮರೆತದ್ದನ್ನು ಕೈ ಕಲಿತಿತ್ತು.

ಈ ಪ್ರಕರಣದಿಂದ ಓದುವವರಿಗೆ ಬೇಕಾದ ಮೂರು ಸಂಗತಿಗಳು ದೊರೆಯುತ್ತವೆ. ಹೊಸ ಸಂಗತಿ ಮತ್ತು ಘಟನೆಗಳನ್ನು ಮೊದಲು ಹಿಡಿದುಕೊಳ್ಳುವುದಕ್ಕೆ ಹಿಪೊಕ್ಯಾಂಪಸ್ ಬೇಕೇ ಬೇಕು. ಹಳೆಯ ನೆನಪುಗಳು ಅದಿಲ್ಲದೆಯೂ ಉಳಿದಿದ್ದವೆಂದರೆ, ಕಾಲಕ್ರಮದಲ್ಲಿ ಅವು ಮೆದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ ನೆಲೆಯೂರಿರುತ್ತವೆ ಎಂದು ತಿಳಿಯಬಹುದು, ಮತ್ತು ಆ ನೆಲೆಯೂರುವಿಕೆಗೆ ದಿನಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕಾಗುತ್ತವೆ. ಮೂರನೆಯದಾಗಿ, ಕೈಯ ಕೌಶಲಗಳು ಬೇರೆಯೇ ದಾರಿಯಲ್ಲಿ ಸಾಗುತ್ತವೆ. ಸೈಕಲ್ ತುಳಿಯುವುದು, ವೀಣೆಯ ಬೆರಳುಗಾರಿಕೆ, ಟೈಪಿಂಗ್, ಗಣಿತದ ಲೆಕ್ಕವನ್ನು ಸರಾಗವಾಗಿ ಬಿಡಿಸುವ ಅಭ್ಯಾಸ ಇವೆಲ್ಲ ಮಾಡಿಯೇ ಬರಬೇಕು. ಅವುಗಳ ಬಗ್ಗೆ ಎಷ್ಟು ಓದಿದರೂ ಪ್ರಯೋಜನವಿಲ್ಲ. ಲೆಕ್ಕದ ಪುಸ್ತಕವನ್ನು ಕಥೆಯ ಪುಸ್ತಕದಂತೆ ಓದುವ ವಿದ್ಯಾರ್ಥಿ ಇಲ್ಲಿಯೇ ಎಡವುತ್ತಾನೆ.

ಇನ್ನು ಜೀವಕೋಶದ ಮಟ್ಟದಲ್ಲಿ ನಡೆಯುವುದನ್ನು ಸಂಕ್ಷೇಪವಾಗಿ ನೋಡೋಣ. ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ಮತ್ತು ಒಂದೊಂದು ನರಕೋಶವೂ ಸಾವಿರಾರು ಇತರ ನರಕೋಶಗಳೊಂದಿಗೆ ಸಿನಾಪ್ಸ್ ಎಂಬ ಸಂಧಿಗಳ ಮೂಲಕ ಸಂಕೇತಗಳನ್ನು ಹಂಚಿಕೊಳ್ಳುತ್ತದೆ. ಒಟ್ಟೊಟ್ಟಿಗೆ ಮತ್ತೆ ಮತ್ತೆ ಕೆಲಸ ಮಾಡುವ ನರಕೋಶಗಳ ನಡುವಿನ ಸಂಧಿ ಬಲಗೊಳ್ಳುತ್ತದೆ ಎಂದು ಡೊನಾಲ್ಡ್ ಹೆಬ್ 1949ರಲ್ಲಿಯೇ ಊಹಿಸಿದ್ದರು. 1973ರಲ್ಲಿ ಟಿಮ್ ಬ್ಲಿಸ್ ಮತ್ತು ತೆರ್ಯೆ ಲೋಮೊ ಅವರು ಮೊಲದ ಹಿಪೊಕ್ಯಾಂಪಸ್‌ನಲ್ಲಿ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿ, ಹೀಗೆ ಬಲಗೊಂಡ ಸಂಧಿ ಗಂಟೆಗಟ್ಟಲೆ ಬಲವಾಗಿಯೇ ಉಳಿಯುತ್ತದೆ ಎಂದು ತೋರಿಸಿದರು. ನೆನಪು ಎಂಬುದು ಒಂದು ಕೋಶದಲ್ಲಿ ಕುಳಿತಿರುವ ವಸ್ತುವಲ್ಲ. ಅನೇಕ ಕೋಶಗಳ ನಡುವಿನ ಸಂಧಿಗಳ ಬಲದಲ್ಲಿ ಹರಡಿಕೊಂಡಿರುವ ಒಂದು ವಿನ್ಯಾಸ. ಆ ವಿನ್ಯಾಸ ಮತ್ತೆ ಚುರುಕುಗೊಂಡಾಗ ನಮಗೆ ನೆನಪಾಗುತ್ತದೆ.

ಮೊದಲ ಹೆಜ್ಜೆ: ಒಮ್ಮೆಗೆ ಸ್ವಲ್ಪವೇ ತೆಗೆದುಕೊಳ್ಳಿ, ಅಡೆತಡೆಯಿಲ್ಲದೆ ತೆಗೆದುಕೊಳ್ಳಿ

ಯಾವ ವಿಷಯವಾದರೂ ಮೊದಲು ಹಾದುಹೋಗಬೇಕಾದದ್ದು ಅಲ್ಪಾವಧಿಯ ಸ್ಮೃತಿಯನ್ನು, ಮತ್ತು ಅದು ತೀರಾ ಕಿರಿದು. ಜಾರ್ಜ್ ಮಿಲ್ಲರ್ 1956ರಲ್ಲಿ ಅದರಲ್ಲಿ ಸುಮಾರು 7 ಅಂಶಗಳು ಹಿಡಿಸುತ್ತವೆ ಎಂದಿದ್ದರು. ಅನಂತರದ ಅಧ್ಯಯನಗಳು ಆ ಸಂಖ್ಯೆಯನ್ನು 4ರ ಆಸುಪಾಸಿಗೆ ಇಳಿಸಿವೆ. ಹಿಡಿದ ಅಂಶವನ್ನು ಮನಸ್ಸಿನಲ್ಲಿ ಪುನರುಚ್ಚರಿಸಲು ಬಿಡದಿದ್ದರೆ ಅದು ಎಷ್ಟು ಬೇಗ ಜಾರುತ್ತದೆ ಎಂಬುದನ್ನು 1959ರಲ್ಲಿ ಪೀಟರ್‌ಸನ್ ದಂಪತಿ ತೋರಿಸಿದರು. ಮೂರು ವ್ಯಂಜನಗಳನ್ನು ಕೇಳಿಸಿ, ತಕ್ಷಣ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸಲು ಹೇಳಿದಾಗ, 18 ಸೆಕೆಂಡುಗಳಷ್ಟರಲ್ಲಿ ಹೆಚ್ಚಿನವರು ಆ ಮೂರು ಅಕ್ಷರಗಳನ್ನೇ ಕಳೆದುಕೊಂಡಿದ್ದರು.

ಓದುತ್ತಿರುವಾಗ ಮೊಬೈಲ್‌ನಲ್ಲಿ ಬರುವ ಒಂದೊಂದು ಸದ್ದೂ ಆ ಹಿಂದಕ್ಕೆ ಎಣಿಸುವ ಕೆಲಸವನ್ನೇ ಮಾಡುತ್ತದೆ. ಫೋನನ್ನು ಮೌನಕ್ಕೆ ಹಾಕಿ ಮೇಜಿನ ಮೇಲೆ ಮಗುಚಿಡುವುದು ಸಾಲದು, ಅದನ್ನು ಬೇರೆ ಕೋಣೆಯಲ್ಲಿ ಇಡಿ. ಎದುರಿಗೆ ಇಡೀ ಅಧ್ಯಾಯವನ್ನು ಹರಡಿಕೊಳ್ಳದೆ, ಇಪ್ಪತ್ತೈದು ಮೂವತ್ತು ನಿಮಿಷಗಳಲ್ಲಿ ಮುಗಿಯುವ ಒಂದು ತುಣುಕನ್ನು ಆರಿಸಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಅದು ರಕ್ತಪರಿಚಲನೆಯ ಇಡೀ ಪಾಠವಲ್ಲ. ಹೃದಯದ ನಾಲ್ಕು ಕೋಣೆಗಳು ಮತ್ತು ಅವುಗಳ ನಡುವೆ ರಕ್ತ ಸಾಗುವ ದಾರಿ, ಇಷ್ಟೇ. ರಕ್ತದ ಒತ್ತಡ, ದುಗ್ಧರಸ, ರಕ್ತದ ಗುಂಪುಗಳು ನಾಳೆಗಿರಲಿ.

ಎರಡನೆಯ ಹೆಜ್ಜೆ: ‘ಏಕೆ’ ಎಂದು ಕೇಳಿ, ಗೊತ್ತಿರುವುದಕ್ಕೆ ಕಟ್ಟಿ

ಒಂದೇ ಪದವನ್ನು ಮೂರು ಬಗೆಯಲ್ಲಿ ನೋಡಬಹುದು: ಅದರ ಅಕ್ಷರಗಳ ರೂಪವನ್ನು ಗಮನಿಸಬಹುದು, ಉಚ್ಚಾರವನ್ನು ಗಮನಿಸಬಹುದು, ಅರ್ಥವನ್ನು ಗಮನಿಸಬಹುದು. ಫರ್ಗಸ್ ಕ್ರೇಕ್ ಮತ್ತು ಎಂಡೆಲ್ ಟಲ್ವಿಂಗ್ 1975ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅರ್ಥದ ಕಡೆಗೆ ಗಮನ ಹರಿಸಿದವರೇ ಪದಗಳನ್ನು ಎಲ್ಲರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು, ಅದೂ ಮುಂದೆ ಪರೀಕ್ಷೆಯಿದೆ ಎಂಬುದೇ ಅವರಿಗೆ ತಿಳಿಯದಿದ್ದಾಗ. ನೆನಪಿಡಬೇಕೆಂಬ ಹಟಕ್ಕಿಂತ ವಿಷಯದೊಂದಿಗೆ ಮನಸ್ಸು ನಡೆಸುವ ವ್ಯವಹಾರ ಹೆಚ್ಚು ಫಲ ಕೊಡುತ್ತದೆ ಎಂಬುದು ಇದರ ತಾತ್ಪರ್ಯ. ಹೊಸ ವಿಷಯಕ್ಕೆ ಸಂಬಂಧಿಸಿದ ನರಕೋಶಗಳು ಈಗಾಗಲೇ ಬಲವಾಗಿರುವ ಹಳೆಯ ಜಾಲದೊಂದಿಗೆ ಸೇರಿಕೊಂಡರೆ, ಮುಂದೆ ಅದನ್ನು ತಲುಪಲು ಹಲವು ದಾರಿಗಳು ತೆರೆದುಕೊಳ್ಳುತ್ತವೆ.

ಹೃದಯದ ಪಾಠವನ್ನು ಹೀಗೆ ಓದಬೇಕು. ದೇಹದಿಂದ ಬಂದ ಆಮ್ಲಜನಕ ಕಡಿಮೆಯಾದ ರಕ್ತ ಬಲ ಹೃತ್ಕರ್ಣಕ್ಕೆ ಬಂದು, ಅಲ್ಲಿಂದ ಬಲ ಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶಗಳಿಗೆ ಹೋಗಿ, ಆಮ್ಲಜನಕವನ್ನು ತುಂಬಿಕೊಂಡು ಎಡ ಹೃತ್ಕರ್ಣಕ್ಕೆ ಮರಳಿ, ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಯ ಮೂಲಕ ದೇಹಕ್ಕೆಲ್ಲ ಹೋಗುತ್ತದೆ. ಈ ವಾಕ್ಯವನ್ನು ಹತ್ತು ಸಲ ಉರುಹೊಡೆಯಬಹುದು. ಅದರ ಬದಲು ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಪ್ರಶ್ನೆಗಳನ್ನು ಬರೆಯುತ್ತಾ ಹೋಗಿ. ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ದಪ್ಪವೇಕೆ? ಬಲಭಾಗ ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು, ಎಡಭಾಗ ತಲೆಯಿಂದ ಕಾಲ್ಬೆರಳವರೆಗೆ ತಳ್ಳಬೇಕು. ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ ಆಮ್ಲಜನಕ ಕಡಿಮೆಯಿರುವ ರಕ್ತವಿದ್ದರೂ ಅದನ್ನು ಅಪಧಮನಿ ಎನ್ನುವುದೇಕೆ? ಹೃದಯದಿಂದ ಹೊರಗೆ ಹೋಗುವ ನಾಳವೆಲ್ಲ ಅಪಧಮನಿ, ಒಳಗೆ ಬರುವುದೆಲ್ಲ ಅಭಿಧಮನಿ. ಒಳಗಿರುವ ರಕ್ತ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಕವಾಟಗಳಿಲ್ಲದಿದ್ದರೆ ಏನಾಗುತ್ತಿತ್ತು? ಹೃತ್ಕುಕ್ಷಿ ಸಂಕುಚಿಸಿದಾಗ ರಕ್ತ ಬಂದ ದಾರಿಯಲ್ಲೇ ಹಿಂದಕ್ಕೆ ನುಗ್ಗುತ್ತಿತ್ತು. ಇಂಥ ನಾಲ್ಕು ಪ್ರಶ್ನೆಗಳಿಗೆ ಉತ್ತರ ತಿಳಿದವನಿಗೆ ಆ ಉದ್ದದ ವಾಕ್ಯವನ್ನು ಉರುಹೊಡೆಯುವ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಒಂದೊಂದು ತಿರುವಿಗೂ ಅವನಲ್ಲಿ ಕಾರಣವಿರುತ್ತದೆ.

ಕಾರಣ ಕೊಡಲು ಬಾರದ ವಿಷಯಗಳೂ ಇವೆ: ಇಸವಿಗಳು, ಹೆಸರುಗಳು, ಪಟ್ಟಿಗಳು. ಅವುಗಳಿಗೆ ಯಾವುದಾದರೂ ಕಟ್ಟನ್ನು ಒದಗಿಸಬೇಕು. ನಮ್ಮ ಅವಧಾನ ಕಲೆ ಇದಕ್ಕೆ ಅತ್ಯುತ್ತಮ ನಿದರ್ಶನ. ಕನ್ನಡದಲ್ಲಿ ಈ ಕಲೆಗೆ ಮರುಜೀವ ನೀಡಿದ ಶತಾವಧಾನಿ ಆರ್. ಗಣೇಶ್ ಅವರಂಥವರು ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರನ್ನು, ಅಂದರೆ ಪ್ರಶ್ನೆ ಕೇಳುವವರನ್ನು, ಎದುರಿಸುವಾಗ, ಸಮಸ್ಯಾಪೂರಣ, ದತ್ತಪದಿ, ನಿಷೇಧಾಕ್ಷರಿ ಮೊದಲಾದ ಪದ್ಯರಚನೆಯ ಸವಾಲುಗಳಿಗೆ ಸುತ್ತಿಗೊಂದರಂತೆ ಪಾದಗಳನ್ನು ರಚಿಸಿ, ಕೊನೆಗೆ ಧಾರಣದಲ್ಲಿ ಪದ್ಯಗಳನ್ನು ಇಡಿಯಾಗಿ ಒಪ್ಪಿಸುತ್ತಾರೆ. ಅಲ್ಲಿ ಛಂದಸ್ಸು, ಪ್ರಾಸ ಮತ್ತು ಅರ್ಥ ಮೂರೂ ಸೇರಿ ಅನೇಕ ಅಕ್ಷರಗಳನ್ನು ಕೆಲವೇ ಘಟಕಗಳಾಗಿ ಬಿಗಿಯುತ್ತವೆ, ಮತ್ತು ವರ್ಷಗಳ ವ್ಯಾಸಂಗದಿಂದ ಕಟ್ಟಿಕೊಂಡ ಜಾಲ ಅವುಗಳನ್ನು ತಕ್ಷಣ ಹಿಡಿದುಕೊಳ್ಳುತ್ತದೆ. ಅಷ್ಟು ಎತ್ತರಕ್ಕೆ ಹೋಗಲು ಎಲ್ಲರಿಂದಲೂ ಆಗದು. ಆದರೆ ಪಟ್ಟಿಯೊಂದರ ಮೊದಲಕ್ಷರಗಳಿಂದ ಒಂದು ವಾಕ್ಯ ಕಟ್ಟುವುದು, ಅಥವಾ ಅದರ ಅಂಶಗಳನ್ನು ಮನೆಯ ಬಾಗಿಲು, ಜಗಲಿ, ನಡುಮನೆ, ಅಡುಗೆಮನೆ ಎಂದು ಕ್ರಮವಾಗಿ ಇಟ್ಟು ಮನಸ್ಸಿನಲ್ಲಿ ನಡೆದುಹೋಗುವುದು ಯಾರಿಗಾದರೂ ಸಾಧ್ಯ. ಜಾಗಗಳನ್ನು ಗುರುತಿಡುವುದು ಹಿಪೊಕ್ಯಾಂಪಸ್‌ನ ಸಹಜ ಕೆಲಸಗಳಲ್ಲೊಂದು. ಇಲಿಯೊಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ಕೋಶಗಳನ್ನು ಜಾನ್ ಓಕೀಫ್ 1971ರಲ್ಲಿ ಅಲ್ಲಿ ಕಂಡುಹಿಡಿದರು. 2014ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ದೊರೆಯಿತು.

ಮೂರನೆಯ ಹೆಜ್ಜೆ: ಪುಸ್ತಕ ಮುಚ್ಚಿ ಒಪ್ಪಿಸಿ

ಈ ಲೇಖನದಲ್ಲಿ ಒಂದೇ ಒಂದು ಹೆಜ್ಜೆಯನ್ನು ಪಾಲಿಸಲು ನಿಮಗೆ ಸಮಯವಿದ್ದರೆ ಇದನ್ನೇ ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ. ತುಣುಕನ್ನು ಅರ್ಥಮಾಡಿಕೊಂಡು ಓದಿದ ಮೇಲೆ ಪುಸ್ತಕವನ್ನು ಮುಚ್ಚಿ, ಖಾಲಿ ಹಾಳೆಯ ಮೇಲೆ ನೆನಪಿರುವುದನ್ನೆಲ್ಲ ಬರೆಯಿರಿ, ಚಿತ್ರವಿದ್ದರೆ ಚಿತ್ರ ಬಿಡಿಸಿ, ಇಲ್ಲವೇ ಮನೆಯಲ್ಲಿ ಯಾರಿಗಾದರೂ ಬಾಯಲ್ಲಿ ಒಪ್ಪಿಸಿ. ಹಿಂದೆ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂರಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಅಜ್ಜಂದಿರು ಈ ಹೆಜ್ಜೆಯನ್ನು ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ಕಂಡುಕೊಂಡಿದ್ದರು.

ಇದರ ಶಕ್ತಿಯನ್ನು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಸ್ಪಷ್ಟವಾಗಿ ಅಳೆದರು. ಅವರು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಲು ಕೊಟ್ಟು, ಒಂದನ್ನು ಎರಡನೆಯ ಬಾರಿ ಓದಿಸಿದರು, ಇನ್ನೊಂದನ್ನು ಓದಿದ ಮೇಲೆ ನೋಡದೆ ಬರೆಯಿಸಿದರು. ಐದು ನಿಮಿಷಗಳ ಅನಂತರ ಕೇಳಿದಾಗ ಎರಡು ಬಾರಿ ಓದಿದ್ದೇ ಮೇಲುಗೈ ಪಡೆಯಿತು: ಓದಿದ್ದರಲ್ಲಿ ಶೇ 81, ಬರೆದದ್ದರಲ್ಲಿ ಶೇ 75. ಒಂದು ವಾರದ ಬಳಿಕ ಕೇಳಿದಾಗ ಲೆಕ್ಕ ತಿರುಗಿಬಿದ್ದಿತ್ತು: ಎರಡು ಬಾರಿ ಓದಿದ್ದು ಶೇ 42ಕ್ಕೆ ಕುಸಿದಿತ್ತು, ನೋಡದೆ ಬರೆದದ್ದು ಶೇ 56ರಷ್ಟು ಉಳಿದಿತ್ತು. ಓದುವವರನ್ನು ದಾರಿ ತಪ್ಪಿಸುವುದು ಆ ಮೊದಲ ಐದು ನಿಮಿಷಗಳ ಫಲಿತಾಂಶ. ಎರಡನೆಯ ಸಲ ಓದುವಾಗ ಸಾಲುಗಳು ಪರಿಚಿತವಾಗಿ ಕಾಣುತ್ತವೆ, ಆ ಪರಿಚಯವನ್ನೇ ನಾವು ಕಲಿಕೆಯೆಂದು ತಿಳಿದು ಸಮಾಧಾನಪಡುತ್ತೇವೆ. ಪರೀಕ್ಷೆಯಲ್ಲಿ ಮಾತ್ರ ಯಾರೂ ಪುಟವನ್ನು ತೋರಿಸಿ ಇದು ಗೊತ್ತೇ ಎಂದು ಕೇಳುವುದಿಲ್ಲ. ಪುಟವಿಲ್ಲದೆ ಅದನ್ನು ಹೊರತೆಗೆಯಬೇಕು.

ಹೊರತೆಗೆಯುವಾಗ ಕಷ್ಟವಾಗುತ್ತದೆ, ಅದು ಸಹಜ. ಹೃದಯದ ಚಿತ್ರ ಬಿಡಿಸುತ್ತಾ ಬಲ ಹೃತ್ಕುಕ್ಷಿಯವರೆಗೆ ಬಂದು, ಮುಂದೆ ಯಾವ ನಾಳ ಎಂದು ತಡೆದು ನಿಂತಿದ್ದೀರಿ ಎಂದುಕೊಳ್ಳಿ. ತಕ್ಷಣ ಪುಸ್ತಕ ತೆರೆಯಬೇಡಿ. ಅರ್ಧ ನಿಮಿಷ ಯೋಚಿಸಿ. ರಕ್ತ ಈಗ ಎಲ್ಲಿಗೆ ಹೋಗಬೇಕು, ಹೊರಗೆ ಹೋಗುವ ನಾಳಕ್ಕೆ ಏನೆನ್ನುತ್ತಾರೆ ಎಂದು ಸುತ್ತಿನಿಂದ ಬನ್ನಿ. ಸಿಕ್ಕರೆ ಅದು ಓದಿ ಪಡೆದದ್ದಕ್ಕಿಂತ ಗಟ್ಟಿಯಾಗಿ ಕೂರುತ್ತದೆ. ಸಿಗದಿದ್ದರೂ ಆ ಹುಡುಕಾಟ ವ್ಯರ್ಥವಲ್ಲ, ಅನಂತರ ನೋಡಿದ ಉತ್ತರ ಚೆನ್ನಾಗಿ ಅಂಟಿಕೊಳ್ಳುತ್ತದೆ.

ಒಪ್ಪಿಸಿದ ಮೇಲೆ ಪುಸ್ತಕದೊಂದಿಗೆ ಹೋಲಿಸಿ ತಿದ್ದಿಕೊಳ್ಳುವುದನ್ನು ಎಂದಿಗೂ ಬಿಡಬೇಡಿ, ಏಕೆಂದರೆ ನೆನಪು ಹೊರಬಂದಾಗ ಮೃದುವಾಗುತ್ತದೆ. ಕರೀಂ ನಾದರ್, ಗ್ಲೆನ್ ಶಾಫ್ ಮತ್ತು ಜೋಸೆಫ್ ಲೆಡೂ 2000ದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಗಟ್ಟಿಯಾಗಿ ನೆಲೆಸಿದ್ದ ಭಯದ ನೆನಪೊಂದನ್ನು ಕೆದಕಿ, ಕೂಡಲೇ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಔಷಧಿಯನ್ನು ಮೆದುಳಿನಲ್ಲಿ ಭಯವನ್ನು ನಿಭಾಯಿಸುವ ಅಮಿಗ್ಡಲ ಎಂಬ ಭಾಗಕ್ಕೆ ಕೊಟ್ಟಾಗ, ಆ ಹಳೆಯ ನೆನಪೇ ದುರ್ಬಲವಾಯಿತು. ಕೆದಕಿದ ನೆನಪು ಮತ್ತೆ ಹೊಸದಾಗಿ ಗಟ್ಟಿಯಾಗಬೇಕಾಗುತ್ತದೆ ಎಂದು ಇದರಿಂದ ತಿಳಿದುಬಂತು. ಮನುಷ್ಯರ ವಿಷಯದಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅವರ 1974ರ ಅಧ್ಯಯನ ಪ್ರಸಿದ್ಧ: ಕಾರು ಅಪಘಾತದ ಚಿತ್ರವನ್ನು ನೋಡಿದವರಿಗೆ ಕಾರುಗಳು ‘ತಾಗಿದಾಗ’ ವೇಗವೆಷ್ಟಿತ್ತು ಎಂದು ಕೇಳುವ ಬದಲು ‘ನುಚ್ಚುನೂರಾಗುವಂತೆ ಅಪ್ಪಳಿಸಿದಾಗ’ ಎಂಬರ್ಥದ ಪದ ಬಳಸಿ ಕೇಳಿದರೆ, ವಾರದ ಬಳಿಕ ಹೆಚ್ಚು ಮಂದಿ ಚಿತ್ರದಲ್ಲಿ ಇಲ್ಲದ ಒಡೆದ ಗಾಜನ್ನೂ ಕಂಡದ್ದಾಗಿ ಹೇಳಿದರು. ನೀವು ತಪ್ಪಾಗಿ ಒಪ್ಪಿಸಿ ಹಾಗೆಯೇ ಬಿಟ್ಟರೆ, ತಪ್ಪೇ ಪುನಃ ಗಟ್ಟಿಯಾಗುವ ಅಪಾಯವಿದೆ. ಹಾಳೆಯಲ್ಲಿ ಬಿಟ್ಟುಹೋದದ್ದನ್ನೂ ತಪ್ಪಿದ್ದನ್ನೂ ಕೆಂಪು ಶಾಯಿಯಲ್ಲಿ ಗುರುತಿಸಿ, ಆ ಹಾಳೆಯನ್ನು ಎಸೆಯದೆ ಇಟ್ಟುಕೊಳ್ಳಿ. ಮುಂದಿನ ಹೆಜ್ಜೆಗೆ ಅದು ಬೇಕು.

ನಾಲ್ಕನೆಯ ಹೆಜ್ಜೆ: ಅಂತರ ಬಿಟ್ಟು ಮರಳಿ ಬನ್ನಿ

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ನಡೆಸಿಕೊಂಡು, ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ಕಲಿತು, ಬೇರೆ ಬೇರೆ ಅವಧಿಯ ಬಳಿಕ ಅವನ್ನೇ ಮತ್ತೆ ಕಲಿಯಲು ಎಷ್ಟು ಸಮಯ ಉಳಿತಾಯವಾಗುತ್ತದೆ ಎಂದು ಲೆಕ್ಕ ಹಾಕಿ 1885ರಲ್ಲಿ ಪ್ರಕಟಿಸಿದರು. 20 ನಿಮಿಷಗಳ ಬಳಿಕ ಉಳಿತಾಯ ಶೇ 58ರಷ್ಟಿತ್ತು, ಒಂದು ಗಂಟೆಯ ಬಳಿಕ ಶೇ 44, ಒಂದು ದಿನದ ಬಳಿಕ ಶೇ 34, ಆರು ದಿನಗಳ ಬಳಿಕ ಶೇ 25, ಮತ್ತು 31 ದಿನಗಳ ಬಳಿಕ ಶೇ 21. ಈ ಅಂಕಿಗಳಲ್ಲಿ ಎರಡು ವಿಷಯಗಳಿವೆ. ಮರೆವು ಮೊದಲ ದಿನವೇ ಅತಿ ವೇಗವಾಗಿ ಸಾಗಿ, ಅನಂತರ ನಿಧಾನವಾಗುತ್ತದೆ. ಹಾಗೆಯೇ, ಪೂರ್ತಿ ಮರೆತಂತೆ ಕಂಡದ್ದೂ ಪೂರ್ತಿ ಅಳಿಸಿಹೋಗಿರುವುದಿಲ್ಲ. ಎರಡನೆಯ ಕಲಿಕೆಗೆ ಮೊದಲಿನಷ್ಟು ಶ್ರಮ ಬೇಕಿಲ್ಲ. ಅರ್ಥವಿರುವ ಪಾಠಗಳು ಅರ್ಥವಿಲ್ಲದ ಪಟ್ಟಿಗಳಿಗಿಂತ ಹೆಚ್ಚು ಕಾಲ ಉಳಿಯುತ್ತವೆಯಾದರೂ ಮರೆವಿನ ರೇಖೆಯ ಆಕಾರ ಹೆಚ್ಚುಕಡಿಮೆ ಇದೇ.

ಅಂತರ ಏಕೆ ಬೇಕು ಎಂಬುದಕ್ಕೆ ಜೀವಕೋಶದಲ್ಲಿಯೇ ಉತ್ತರವಿದೆ. 2000ದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಎರಿಕ್ ಕ್ಯಾಂಡೆಲ್ ಅವರು ಅಪ್ಲೀಸಿಯ ಎಂಬ ಕಡಲ ಮೃದ್ವಂಗಿಯ ದೊಡ್ಡ ನರಕೋಶಗಳನ್ನು ಅಭ್ಯಸಿಸಿದರು. ಸಂಧಿಯೊಂದಕ್ಕೆ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಒಮ್ಮೆ ಕೊಟ್ಟರೆ ಅದರ ಬಲ ಕೆಲವು ನಿಮಿಷಗಳ ಮಟ್ಟಿಗೆ ಹೆಚ್ಚುತ್ತದೆ. ನಡುವೆ ಅಂತರ ಬಿಟ್ಟು ಐದು ಬಾರಿ ಕೊಟ್ಟರೆ, ಕೋಶಕೇಂದ್ರದಲ್ಲಿ ವಂಶವಾಹಿಗಳು ಎಚ್ಚೆತ್ತು, ಹೊಸ ಪ್ರೋಟೀನ್‌ಗಳು ತಯಾರಾಗಿ, ಹೊಸ ಸಂಧಿಗಳೇ ಬೆಳೆದು, ಬದಲಾವಣೆ ದಿನಗಟ್ಟಲೆ ಉಳಿಯುತ್ತದೆ. ಅಲ್ಪಾವಧಿಯ ನೆನಪು ಇರುವ ಸಾಮಗ್ರಿಯಿಂದಲೇ ಆಗುವ ಕೆಲಸ, ದೀರ್ಘಾವಧಿಯ ನೆನಪು ಹೊಸ ಕಟ್ಟಡದ ಕೆಲಸ. ಒಂದೇ ರಾತ್ರಿ ಐದು ಗಂಟೆ ಕುಳಿತು ಓದುವವನು ಆ ಕೆಲಸಕ್ಕೆ ಬೇಕಾದ ಸಮಯವನ್ನೇ ಕೊಡುತ್ತಿಲ್ಲ.

ಇದನ್ನು ಕ್ಯಾಲೆಂಡರ್‌ಗೆ ಇಳಿಸುವುದು ಹೀಗೆ. ಸೋಮವಾರ ಹೃದಯದ ತುಣುಕನ್ನು ಓದಿ ಒಪ್ಪಿಸಿದಿರಿ. ಮಂಗಳವಾರ, ಹೊಸ ಪಾಠ ತೆರೆಯುವ ಮೊದಲು, ಹತ್ತು ನಿಮಿಷ ಖಾಲಿ ಹಾಳೆಯಲ್ಲಿ ಅದೇ ಚಿತ್ರವನ್ನು ನೋಡದೆ ಬಿಡಿಸಿ, ನಿನ್ನೆಯ ಕೆಂಪು ಗುರುತುಗಳ ಹಾಳೆಯೊಂದಿಗೆ ಹೋಲಿಸಿ. ಮುಂದಿನ ಬಾರಿ ಗುರುವಾರ ಅಥವಾ ಶುಕ್ರವಾರ, ಅದಾದ ಮೇಲೆ ಮುಂದಿನ ವಾರದ ಕೊನೆಗೆ, ಮತ್ತೆ ತಿಂಗಳ ಹೊತ್ತಿಗೆ. ಪ್ರತಿಸಲವೂ ಬೇಕಾಗುವ ಸಮಯ ಕಡಿಮೆಯಾಗುತ್ತಾ ಹೋಗುತ್ತದೆ. ನಾಲ್ಕನೆಯ ಸಲಕ್ಕೆ ಎರಡು ಮೂರು ನಿಮಿಷ ಸಾಕು. ಯಾವ ಪ್ರಶ್ನೆಗೆ ತಪ್ಪಿದಿರೋ ಅದನ್ನು ಮಾತ್ರ ಮತ್ತೆ ಮರುದಿನದ ಸರದಿಗೆ ತನ್ನಿ. ಒಂದೊಂದು ಪ್ರಶ್ನೆಯನ್ನು ಒಂದೊಂದು ಚೀಟಿಯ ಮೇಲೆ ಬರೆದು, ಹಿಂದೆ ಉತ್ತರ ಬರೆದಿಟ್ಟುಕೊಂಡರೆ ಈ ಸರದಿ ನಡೆಸುವುದು ಸುಲಭ; ಹಳೆಯ ವಿಸಿಟಿಂಗ್ ಕಾರ್ಡುಗಳೂ ಆಗುತ್ತವೆ, ಆಂಡ್ರಾಯ್ಡ್ ಮೊಬೈಲ್‌ನಲ್ಲಿ ಉಚಿತವಾಗಿ ಸಿಗುವ ಆಂಕಿ ಎಂಬ ತಂತ್ರಾಂಶವೂ ಆಗುತ್ತದೆ. ಅಂತರದ ದಿನಗಳನ್ನು ಅಕ್ಷರಶಃ ಪಾಲಿಸಬೇಕೆಂಬ ಕಟ್ಟಳೆಯಿಲ್ಲ. ಪರೀಕ್ಷೆ ದೂರವಿದ್ದಷ್ಟೂ ಅಂತರವನ್ನು ಹಿಗ್ಗಿಸಬಹುದು, ಆದರೆ ಸ್ವಲ್ಪ ಮರೆಯತೊಡಗಿದಾಗಲೇ ಮರಳಿ ಬರಬೇಕು.

ಒಂದೇ ಬಗೆಯ ಲೆಕ್ಕಗಳನ್ನು ಸಾಲಾಗಿ ಮಾಡುವ ಬದಲು ಬೇರೆ ಬೇರೆ ಅಧ್ಯಾಯಗಳ ಲೆಕ್ಕಗಳನ್ನು ಬೆರೆಸಿ ಮಾಡುವುದೂ ಇದೇ ಕಾರಣಕ್ಕೆ ಫಲಕಾರಿ. ಆಗ ಯಾವ ಸೂತ್ರ ಬಳಸಬೇಕು ಎಂಬುದನ್ನೂ ನೆನಪಿನಿಂದಲೇ ಹೊರತೆಗೆಯಬೇಕಾಗುತ್ತದೆ.

ಐದನೆಯ ಹೆಜ್ಜೆ: ನಿದ್ದೆಯನ್ನು ಓದಿನ ಭಾಗವೆಂದೇ ಎಣಿಸಿ

ಹೊಸ ನೆನಪು ಹೆಪ್ಪು ಹಾಕಿದ ಹಾಲಿನಂತೆ. ಕಲಕದೆ ಬಿಟ್ಟರಷ್ಟೇ ಗಟ್ಟಿಯಾಗುತ್ತದೆ. ಜೆಂಕಿನ್ಸ್ ಮತ್ತು ಡಾಲೆನ್‌ಬ್ಯಾಕ್ 1924ರಲ್ಲಿಯೇ, ಕಲಿತ ಬಳಿಕ ಎಚ್ಚರವಾಗಿದ್ದವರಿಗಿಂತ ಅಷ್ಟೇ ಹೊತ್ತು ಮಲಗಿದ್ದವರು ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ ಎಂದು ತೋರಿಸಿದ್ದರು. ನಿದ್ದೆಯಲ್ಲಿ ಒಳಗೆ ನಡೆಯುವುದೇನು ಎಂಬುದು ಅನಂತರ ತಿಳಿಯಿತು. ಮ್ಯಾಥ್ಯೂ ವಿಲ್ಸನ್ ಮತ್ತು ಬ್ರೂಸ್ ಮೆಕ್‌ನಾಟನ್ 1994ರಲ್ಲಿ ಇಲಿಗಳ ಹಿಪೊಕ್ಯಾಂಪಸ್‌ನ ಕೋಶಗಳನ್ನು ಆಲಿಸಿದಾಗ, ಓಡಾಡುವಾಗ ಒಟ್ಟಿಗೆ ಚುರುಕಾಗಿದ್ದ ಕೋಶಗಳು ಅನಂತರದ ಗಾಢನಿದ್ರೆಯಲ್ಲಿಯೂ ಒಟ್ಟಿಗೆ ಚುರುಕಾಗುತ್ತಿದ್ದವು. ಹಗಲಿನ ಪಾಠವನ್ನು ಮೆದುಳು ರಾತ್ರಿ ತಾನೇ ಮರುಓದುತ್ತದೆ, ಮತ್ತು ಹಿಪೊಕ್ಯಾಂಪಸ್‌ನಿಂದ ಕಾರ್ಟೆಕ್ಸ್‌ಗೆ ನೆನಪು ದಾಟುವ ಕೆಲಸದ ದೊಡ್ಡ ಪಾಲು ಆಗಲೇ ನಡೆಯುತ್ತದೆ ಎಂಬುದು ಇಂದಿನ ತಿಳಿವಳಿಕೆ.

ಆದ್ದರಿಂದ ಪರೀಕ್ಷೆಯ ಹಿಂದಿನ ರಾತ್ರಿ ಚಹಾ ಕುಡಿದು ಜಾಗರಣೆ ಮಾಡುವುದು ಎರಡು ಕಡೆಯಿಂದ ನಷ್ಟ: ಆ ದಿನ ಓದಿದ್ದು ಗಟ್ಟಿಯಾಗುವುದಿಲ್ಲ, ಮರುದಿನ ಪ್ರಶ್ನೆಯನ್ನು ಓದುವ ಗಮನವೂ ಕುಂದಿರುತ್ತದೆ. ಏಳೆಂಟು ಗಂಟೆ ಮಲಗಿ. ಹದಿಹರೆಯದವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಮಲಗುವ ಮೊದಲು ಆ ದಿನದ ತುಣುಕುಗಳನ್ನು ಹತ್ತು ನಿಮಿಷ ಮನಸ್ಸಿನಲ್ಲೇ ಒಪ್ಪಿಸಿಕೊಳ್ಳಿ, ಆಮೇಲೆ ಫೋನ್ ಮುಟ್ಟಬೇಡಿ. ಮಕ್ಕಳನ್ನು ನಸುಕಿನ ನಾಲ್ಕಕ್ಕೆ ಎಬ್ಬಿಸುವ ತಂದೆತಾಯಿಯರು ಅವರನ್ನು ಹಿಂದಿನ ರಾತ್ರಿ ಅಷ್ಟೇ ಬೇಗ ಮಲಗಿಸಲು ಸಿದ್ಧರಿರಬೇಕು.

ಆರನೆಯ ಹೆಜ್ಜೆ: ಭಯವನ್ನು ಮೊದಲೇ ಕಡಿಮೆ ಮಾಡಿಕೊಳ್ಳಿ

ಸ್ವಲ್ಪ ಉದ್ವೇಗ ನೆನಪಿಗೆ ಒಳ್ಳೆಯದೇ. ಅಮಿಗ್ಡಲ ಚುರುಕಾದಾಗ ಹಿಪೊಕ್ಯಾಂಪಸ್‌ನ ಕೆಲಸಕ್ಕೂ ಬಲ ಬರುತ್ತದೆ, ಹಾಗಾಗಿಯೇ ಅಪಘಾತ, ಮದುವೆ, ಮೊದಲ ಕೆಲಸದ ದಿನ ಇವೆಲ್ಲ ವರ್ಷಗಟ್ಟಲೆ ಉಳಿಯುತ್ತವೆ. ದಿನಗಟ್ಟಲೆ ಬಿಡದೆ ಕಾಡುವ ಒತ್ತಡ ಮಾತ್ರ ಬೇರೆಯೇ ಪರಿಣಾಮ ಬೀರುತ್ತದೆ. ಈ ವಿಷಯದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಕೆಲಸ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುತ್ತದೆ. ದೀರ್ಘಕಾಲದ ಒತ್ತಡಕ್ಕೆ ಒಳಗಾದ ಇಲಿಗಳಲ್ಲಿ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಕುಗ್ಗಿದ್ದವು, ಅಮಿಗ್ಡಲದಲ್ಲಿ ಅದೇ ಕವಲುಗಳು ಬೆಳೆದಿದ್ದವು. ಕಲಿಯುವ ಭಾಗ ಕುಗ್ಗಿ, ಹೆದರುವ ಭಾಗ ಹಿಗ್ಗುತ್ತದೆ. ಮಗುವನ್ನು ಅಂಕಗಳ ವಿಷಯದಲ್ಲಿ ತಿಂಗಳುಗಟ್ಟಲೆ ಗದರಿಸುತ್ತಾ ಓದಿಸುವವರು ಇದನ್ನು ಗಂಭೀರವಾಗಿ ಯೋಚಿಸಬೇಕೆಂದು ನನ್ನ ವಿನಂತಿ.

ಪರೀಕ್ಷೆಯ ಭಯಕ್ಕೆ ನನ್ನ ಮಟ್ಟಿಗೆ ಅತ್ಯುತ್ತಮ ಮದ್ದೆಂದರೆ ಪರೀಕ್ಷೆಯ ರೂಪಕ್ಕೆ ಒಗ್ಗಿಕೊಳ್ಳುವುದು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಎದುರಿಗಿಟ್ಟುಕೊಂಡು, ಮೇಜಿನ ಮುಂದೆ ಕುಳಿತು, ಪೂರ್ತಿ ಮೂರು ಗಂಟೆ ಬರೆಯಿರಿ. ಇದು ಮೂರನೆಯ ಹೆಜ್ಜೆಯೂ ಹೌದು, ಭಯದ ಚಿಕಿತ್ಸೆಯೂ ಹೌದು. ಪರೀಕ್ಷಾ ಕೊಠಡಿಯಲ್ಲಿ ಗೊತ್ತಿರುವ ಉತ್ತರ ತಡೆದುಕೊಂಡರೆ ಅದರೊಂದಿಗೆ ಗುದ್ದಾಡಬೇಡಿ. ಅದನ್ನು ಬಿಟ್ಟು ಮುಂದಿನದನ್ನು ಬರೆದು ಮರಳಿ ಬನ್ನಿ. ಮರಳಿದಾಗ ಅದನ್ನು ಎಲ್ಲಿ ಓದಿದಿರಿ, ಪಕ್ಕದಲ್ಲಿ ಯಾವ ಚಿತ್ರವಿತ್ತು, ಅದಕ್ಕಿಂತ ಮೊದಲು ಬರುವ ಅಂಶ ಯಾವುದು ಎಂದು ಕೇಳಿಕೊಳ್ಳಿ. ಜಾಲದ ಒಂದು ತುದಿ ಸಿಕ್ಕರೆ ಉಳಿದದ್ದು ಬರುವ ಸಾಧ್ಯತೆ ಹೆಚ್ಚು.

ಇಷ್ಟಾದರೂ ನಿಲ್ಲದಿದ್ದರೆ

ಮೇಲಿನ ಕ್ರಮವನ್ನು ಒಂದೆರಡು ತಿಂಗಳು ನಿಷ್ಠೆಯಿಂದ ಪಾಲಿಸಿಯೂ ಓದಿದ್ದು ಉಳಿಯುತ್ತಿಲ್ಲವೆಂದರೆ, ಅಥವಾ ಹಿಂದೆ ಚೆನ್ನಾಗಿದ್ದ ನೆನಪು ಈಚೆಗೆ ಕುಂದಿದೆಯೆಂದರೆ, ಜ್ಞಾಪಕಶಕ್ತಿ ಹೆಚ್ಚಿಸುವುದಾಗಿ ಜಾಹೀರಾತು ಕೊಡುವ ಪುಡಿ ಮಾತ್ರೆಗಳಿಗೆ ಹಣ ಸುರಿಯಬೇಡಿ. ಥೈರಾಯ್ಡ್ ಗ್ರಂಥಿಯ ಕೊರತೆ, ವಿಟಮಿನ್ ಬಿ12ರ ಕೊರತೆ, ರಕ್ತಹೀನತೆ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ರಾದೋಷ, ಖಿನ್ನತೆ, ಕೆಲವು ಔಷಧಿಗಳು, ಮದ್ಯಪಾನ ಇವೆಲ್ಲ ನೆನಪನ್ನು ಕುಗ್ಗಿಸುತ್ತವೆ, ಮತ್ತು ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯಿದೆ. ಸಸ್ಯಾಹಾರಿಗಳಲ್ಲಿ ಬಿ12ರ ಕೊರತೆ ಸಾಮಾನ್ಯ. ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಮೊದಲು ನಿಮ್ಮ ಊರಿನ ವೈದ್ಯರನ್ನೇ ಕಾಣಿ. ಮನಸ್ಸಿನ ಒತ್ತಡವೇ ಮುಖ್ಯವೆನ್ನಿಸಿದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮನೆಯ ಹಿರಿಯರ ವಿಷಯದಲ್ಲಿ ಸ್ವಲ್ಪ ಬೇರೆ ಎಚ್ಚರ ಬೇಕು. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು, ಪರಿಚಿತರ ಹೆಸರು ತಡವಾಗಿ ಹೊಳೆಯುವುದು ವಯಸ್ಸಿನ ಸಹಜ ಲಕ್ಷಣ. ಪರಿಚಿತ ಬೀದಿಯಲ್ಲೇ ದಾರಿ ತಪ್ಪುವುದು, ಅದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಮತ್ತೆ ಕೇಳುವುದು, ವರ್ಷಗಳಿಂದ ಮಾಡುತ್ತಿದ್ದ ಅಡುಗೆ ಅಥವಾ ಬ್ಯಾಂಕಿನ ವ್ಯವಹಾರ ತಪ್ಪತೊಡಗುವುದು ಕಂಡುಬಂದರೆ ನರರೋಗ ತಜ್ಞರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ತಪಾಸಣೆಯ ವ್ಯವಸ್ಥೆಯಿದೆ. ಹೋಗುವ ಮೊದಲು ಮರೆವು ಯಾವಾಗ ಆರಂಭವಾಯಿತು, ನಿಧಾನವಾಗಿ ಬಂತೇ ಅಥವಾ ಒಮ್ಮೆಲೇ ಬಂತೇ, ಈಗ ಸೇವಿಸುತ್ತಿರುವ ಔಷಧಿಗಳು ಯಾವುವು, ತಪ್ಪಿದ ಕೆಲಸಗಳು ಯಾವುವು ಎಂಬುದನ್ನು ಜೊತೆಯಲ್ಲಿ ವಾಸಿಸುವವರು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು, ಏಕೆಂದರೆ ವೈದ್ಯರು ಮೊದಲು ಕೇಳುವುದು ಅದನ್ನೇ.